ಕ್ರಾಪ್ ಮಾಡ್ಬೇಡ್ರೀ!

ಎಲ್ಲಿ, ನಿಮ್ಮ ಫೋನಿನ ಗ್ಯಾಲರಿ ತೆಗೀರಿ ನೋಡೋಣ. (ಹೆದರ್ಬೇಡಿ, ಮೆಟ್ರೋ ಫೋಟೋ ಮಾತ್ರ ನೋಡ್ತೀನಿ.) ಎಂ.ಜಿ. ರೋಡ್ ಸ್ಟೇಷನ್ನು, ಫಳಫಳ ನೆಲ, ದೂರದಲ್ಲಿ ಬರ್ತಿರೋ ರೈಲು, ಮುಂದೆ ಕೂಲಿಂಗ್ ಗ್ಲಾಸ್ ಏರಿಸ್ಕೊಂಡು ನೀವು. ಚೆನ್ನಾಗಿದೆ ಕಣ್ರೀ. ಆದ್ರೆ ಇದ್ರಲ್ಲಿ ಸ್ಟೇಷನ್ ಎಲ್ಲಿದೆ?

ಅದೇ ಇನ್‌ಸ್ಟಾದಲ್ಲಿ ಶಿಕಾಗೋದ 'ಎಲ್' ಟ್ರೈನ್ ಕಂಡ್ರೆ ಹಾರ್ಟ್ ಒತ್ತೋಕೆ ಬೆರಳು ತುದಿಗಾಲಲ್ಲೇ ನಿಂತಿರುತ್ತೆ. 1897ರ ಕ್ವಿನ್ಸಿ ಸ್ಟೇಷನ್ನು, ಮರದ ಹಲಗೆ ಪ್ಲಾಟ್‌ಫಾರ್ಮು, ರಸ್ತೆ ಮೇಲೆ ಉಕ್ಕಿನ ಕಂಬಗಳ ಸಾಲು... 'ಆಹಾ, ಏನ್ ಮೂಡು!' ಅಂತೀರಿ. ಶ್ರೀರಾಂಪುರದ ಮೆಟ್ರೋ ಕಂಬದ ಮೇಲೆ ಎಲೆ-ಅಡಿಕೆ ಉಗುಳು ಕಂಡ್ರೆ ಮಾತ್ರ ಮೂಗು ಮುಚ್ಕೊಂಡು ಕ್ರಾಪ್! ಸುಳ್ಳಾ ಹೇಳಿ?

ನಮ್ಮದಕ್ಕಿನ್ನೂ ವಯಸ್ಸಾಗಿಲ್ಲ, ಒಪ್ಕೋತೀನಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ಕ್ಕೆ. ತುಕ್ಕು ಬೇಕು ಅಂದ್ರೆ ಎಲ್ಲಿಂದ ತರೋಣ? ಆದ್ರೆ ಮೆಟ್ಟಿಲಿಳಿದು ಕೆಳಗೆ ಬನ್ನಿ ಸ್ವಾಮಿ, ಅಲ್ಲಿದೆ ಮಜಾ.

ಕತ್ತೆತ್ತಿ ನೋಡಿ. ಕಾಂಕ್ರೀಟಿನ ಸುಣ್ಣ ಮಳೆನೀರಲ್ಲಿ ಕರಗಿ, ಸಂದಿಯಿಂದ ಬೆಳ್ಳಗೆ ಇಳಿದಿದೆ. ಅದರ ಪಕ್ಕ ಬಸ್ಸು-ಲಾರಿ ಬಳಿದ ಮಸಿ. ಅದರ ಮೇಲೆ ಅರ್ಧ ಹರಿದ ಟ್ಯೂಷನ್ ಪೋಸ್ಟರು, ಪೈಲ್ಸ್ ಡಾಕ್ಟರ ಫೋನ್ ನಂಬರು. (ನಂಬರ್ ನೋಡಿ ತಕ್ಷಣ ಕಣ್ಣು ತಿರುಗಿಸಿದ್ರಲ್ಲ, ನೋಡ್ದೆ ಬಿಡಿ.) ಆಮೇಲೆ ಆ ಪಿಲ್ಲರ್ ನಂಬರು! ಡೆಲಿವರಿ ಹುಡುಗನಿಗೆ ದಿನಾ ಅದನ್ನೇ ಹೇಳಿ ಬಿರಿಯಾನಿ ತರಿಸ್ಕೊಂಡಿದ್ದೀರಿ, ಒಂದು ಫೋಟೋನಾದ್ರೂ ತೆಗೆದಿದ್ದೀರಾ?

ಸಂಜೆ ಮಳೆ ಬಂತು ಅಂದ್ಕೊಳ್ಳಿ. ಟೂ-ವೀಲರ್‌ನವರೆಲ್ಲ ಸ್ಟೇಷನ್ ಕೆಳಗೆ ನುಗ್ತಾರೆ. ಡಿಕ್ಕಿಯಿಂದ ರೇನ್‌ಕೋಟ್ ಹೊರಗೆ ಬರುತ್ತೆ, ಒಂದು ಕಾಲು ತೂರಿಸಿ ಇನ್ನೊಂದು ಕಾಲಿಗೆ ಕುಪ್ಪಳಿಸೋ ಗಂಡಸರು, ದುಪಟ್ಟಾದಲ್ಲಿ ಕನ್ನಡಕ ಒರೆಸೋ ಹೆಂಗಸರು. ಹಿಂದೆ ಬಿಎಂಟಿಸಿ ಬಸ್ಸಿನ ಹಾರ್ನು, ಒದ್ದೆ ರೋಡಲ್ಲಿ ಸಿಗ್ನಲ್‌ನ ಕೆಂಪು, ಮೇಲೆ ಗುಡುಗುಡು ಅಂತ ರೈಲು. ಇಂಥಾ ಫ್ರೇಮು ದುಡ್ಡು ಕೊಟ್ರೂ ಸಿಗಲ್ಲ. ನೀವೇನ್ ಮಾಡ್ತೀರಿ? 'ಟ್ರಾಫಿಕ್ ಜಾಮ್, ಲೇಟಾಗುತ್ತೆ' ಅಂತ ಮೆಸೇಜ್ ಟೈಪ್ ಮಾಡ್ತೀರಿ. (ಆ ಜಾಮಲ್ಲಿ ನಿಮ್ಮ ಗಾಡೀದೂ ಒಂದು ಪಾಲಿದೆ, ಮರೀಬೇಡಿ.)

'ಫೋಟೋಗೆ ವೈರ್ ಅಡ್ಡ ಬರುತ್ತೆ' ಅನ್ನೋ ನೆಪಾನೂ ಮೇಲೆ ಪ್ಲಾಟ್‌ಫಾರ್ಮಲ್ಲಿ ನಡೆಯಲ್ಲ. ಚೆನ್ನೈ ಮೆಟ್ರೋಗೆ ತಲೆ ಮೇಲಿನ ತಂತೀಲಿ ಕರೆಂಟು. ನಮ್ಮದು ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಎಳ್ಕೊಳ್ಳುತ್ತೆ, ಆಕಾಶ ಪೂರ್ತಿ ಖಾಲಿ. ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/15 ಸೆಕೆಂಡಿಗೆ ಇಳಿಸಿ, ಮೊಣಕೈನ ಗೋಡೆಗೆ ಒತ್ಕೊಳ್ಳಿ. ರೈಲು ಬರೀ ಗೆರೆ ಆಗುತ್ತೆ, ಕಾಯೋ ಅಜ್ಜಿ ಮಾತ್ರ ನಿಂತಲ್ಲೇ ನಿಂತಿರ್ತಾರೆ. ಹಳದಿ ಗೆರೆ ದಾಟಿದ್ರೋ, ಗಾರ್ಡ್ ವಿಸಿಲ್ ಗ್ಯಾರಂಟಿ. ಫೋಟೋ ಬೇಡ ಅಂದ್ರೆ ಫೋನು ಜೇಬಿಗೆ. 'ನಾನ್ಯಾರ್ ಗೊತ್ತಾ' ಶುರು ಮಾಡ್ಬೇಡಿ.

ಇನ್ನೊಂದು ಮಾತು, ಹತ್ರ ಬನ್ನಿ. ನಿಮ್ಮ ಮನೆ ಮೆಟ್ರೋ ಲೈನಿನ ಪಕ್ಕದಲ್ಲೇ ಮೂರನೇ ಮಹಡಿ ಅಲ್ವಾ? ಬಾಲ್ಕನೀಲಿ ತೂತು ಬನಿಯನ್ನು, ಮುರಿದ ಸೈಕಲ್ಲು, ಒಣಗಿದ ತುಳಸಿ? ಕಿಟಕಿ ಪಕ್ಕ ಕೂತ ಯಾರೋ ಪುಣ್ಯಾತ್ಮರು ಅದನ್ನ ಬ್ಲ್ಯಾಕ್ ಅಂಡ್ ವೈಟಲ್ಲಿ ಹಾಕಿ ಸಾವಿರ ಲೈಕ್ ತಗೊಂಡಿರ್ತಾರೆ. ಯಾವ ಬನಿಯನ್ನು ಅಂತ ಗುರುತು ಹಿಡಿಯೋ ಮೊದಲು ನೀವೂ ಒಂದು ಒತ್ತಿರ್ತೀರಿ ಬಿಡಿ.