ಹಿಡಿದ, ಆದರೆ ಹಿಡಿಯಲಿಲ್ಲ

(ನ್ಯೂ ಆರ್ಲಿಯನ್ಸಿನ ಒಂದು ಬಾರು, ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್. ಊರಿನ ತಂಡ ಸೇಂಟ್ಸ್‌ನ ಜೆರ್ಸಿ ತೊಟ್ಟ ಅಭಿಮಾನಿ, ಪಕ್ಕದಲ್ಲಿ ಯಾರೂ ಕರೆಯದ ನಿಯಮಪಂಡಿತ.)

ಅಭಿಮಾನಿ: ಎರಡೂ ಕೈಯಲ್ಲಿ ಹಿಡಿದನಲ್ರೀ!

ಪಂಡಿತ: ಹಿಡಿದರೆ ಸಾಲದು. ಚೆಂಡಿನ ಮೇಲೆ ಹತೋಟಿ ಬೇಕು, ಎರಡೂ ಪಾದ ಗೆರೆಯೊಳಗಿರಬೇಕು. ಆಮೇಲೆ ಮೂರನೇ ಹೆಜ್ಜೆಯಂಥದ್ದೇನಾದರೂ ಇಡಬೇಕು. ಇಡದಿದ್ದರೂ, ಇಡುವಷ್ಟು ಹೊತ್ತಾದರೂ ಸಿಕ್ಕಿರಬೇಕು.

ಅಭಿಮಾನಿ: ಪಾತ್ರೆ ತೊಳೆಯುವಷ್ಟು ಹೊತ್ತಿತ್ತು, ಆದ್ದರಿಂದ ತೊಳೆದ ಹಾಗೇ ಲೆಕ್ಕ! ಹೆಂಡತಿಗೆ ಹೇಳ್ತೀನಿ.

ಪಂಡಿತ: ಡಲ್ಲಾಸಿನವರ ಪಾಡು ನೋಡಿ. 2015ರ ಜನವರಿ, ಗ್ರೀನ್ ಬೇ. ಅವರ ಡೆಜ್ ಬ್ರಯಂಟ್ ಹಾರಿ ಹಿಡಿದ. ಮೊದಲು ಕ್ಯಾಚ್ ಅಂದರು. ರೀಪ್ಲೇ ನೋಡಿ, ನೆಲಕ್ಕೆ ಬಿದ್ದಾಗ ಚೆಂಡು ಜಾರಿತು, ಅಲ್ಲ ಅಂದರು. ಡಲ್ಲಾಸ್ ಸೋತಿತು. 2018ರಲ್ಲಿ ಆ ನಿಯಮವನ್ನೇ ಕೈಬಿಟ್ಟರು.

ಅಭಿಮಾನಿ: ಸೋಲನ್ನ?

ಪಂಡಿತ: ಅದು ಹಾಗೇ ಇದೆ.

ಅಭಿಮಾನಿ: ನಮ್ಮದು ಕೇಳಿ. 2019ರ ಜನವರಿ, ರಾಮ್ಸ್ ಎದುರು. ಚೆಂಡು ಬರೋ ಮೊದಲೇ ನಮ್ಮ ಹುಡುಗನನ್ನ ಗುದ್ದಿ ಕೆಡವಿದರು. ಊರಿಗೆಲ್ಲ ಕಂಡಿತು, ರೆಫರಿಗಳಿಗೆ ಮಾತ್ರ ಇಲ್ಲ!

ಪಂಡಿತ: ಅದಕ್ಕೇ ಮುಂದಿನ ಸೀಸನ್ನಿಗೆ ಇಂಥ ಗುದ್ದನ್ನೂ, ಅಂದರೆ ಪಾಸ್ ಇಂಟರ್‌ಫಿಯರೆನ್ಸನ್ನೂ, ರೀಪ್ಲೇ ಪರಿಶೀಲನೆಗೆ ತಂದರು.

ಅಭಿಮಾನಿ: ಈಗಲೂ ಇದೆಯಾ?

ಪಂಡಿತ: ಒಂದೇ ಸೀಸನ್. (ಗಂಟಲು ಸರಿಮಾಡಿಕೊಂಡು) ಗುದ್ದಿದವನಿಗೆ ಲೀಗ್ ದಂಡ ಹಾಕಿತಲ್ಲ, 26,739 ಡಾಲರ್.

ಅಭಿಮಾನಿ: ದಂಡ ಕಟ್ಟಿದವನು ಫೈನಲ್ಲಾದ ಸೂಪರ್ ಬೌಲ್ ಆಡಿದ. ತಪ್ಪು ಮಾಡದ ನಾವು ಸಿಟ್ಟಿಗೆ ಟಿವಿಯನ್ನೂ ಹಾಕಲಿಲ್ಲ!