ಸಾಹೇಬರ ಕಣ್ಣೆತ್ತರ

ಒಂದನೇ ತರಗತಿಯ ಮಗು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಅದರ ಕಣ್ಣು ನೆಲದಿಂದ ಸುಮಾರು ಎರಡಡಿ ಮೇಲಿರುತ್ತದೆ. ಈಗ ಹತ್ತಿರದ ಯಾವುದಾದರೂ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಗೋಡೆ ನೋಡಿ. ವರ್ಣಮಾಲೆ, ಭಾರತದ ನಕ್ಷೆ, ರಾಷ್ಟ್ರನಾಯಕರು, ದಾಖಲಾತಿಯ ಅಂಕಿಅಂಶ, ಮುಖ್ಯಮಂತ್ರಿಯಿಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯವರೆಗೆ ಎಲ್ಲರ ಹೆಸರು. ಸಕಲವೂ ಐದಡಿಯಿಂದ ಮೇಲೆ. ಅಷ್ಟೆತ್ತರದಲ್ಲಿ ಕಣ್ಣಿರುವವರು ಶಾಲೆಯಲ್ಲಿ ಇಬ್ಬರೇ: ಮೇಷ್ಟ್ರು ಮತ್ತು ತಪಾಸಣೆಗೆ ಬರುವ ಸಾಹೇಬರು. ಮೇಷ್ಟ್ರಿಗೆ ಅಆಇಈ ಬರುತ್ತದೆ. ಇನ್ನು ಯಾರು ಕಲಿಯಲೆಂದು ಬರೆಸಿದ್ದಾರೋ ನೀವೇ ಊಹಿಸಿ.

ಗೋಡೆ ತುಂಬಿದಷ್ಟೂ ಮಗುವಿನ ತಲೆ ತುಂಬುತ್ತದೆ ಎಂಬುದು ಲೋಕದ ನಂಬಿಕೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳನ್ನು ಒಮ್ಮೆ ಚಿತ್ರಪಟಗಳು ಗಿಜಿಗುಡುವ ಕೋಣೆಯಲ್ಲೂ ಇನ್ನೊಮ್ಮೆ ಬೋಳು ಗೋಡೆಯ ಕೋಣೆಯಲ್ಲೂ ಕೂರಿಸಿ ಪಾಠ ಮಾಡಿ ನೋಡಿದರು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬೋಳು ಕೋಣೆಯಲ್ಲಿ ನೂರಕ್ಕೆ 55 ಸರಿಯುತ್ತರ, ಸಿಂಗರಿಸಿದ ಕೋಣೆಯಲ್ಲಿ 42. ಪಾಪ, ಅಲ್ಲಿನ ಮಕ್ಕಳ ಗಮನ ಗೋಡೆ ಕಡೆ ಹೋಗುತ್ತಿತ್ತಂತೆ. ನಮ್ಮಲ್ಲಿ ಆ ಭಯವಿಲ್ಲ. ಚಾರ್ಟು ಮಗುವಿಗೆ ಕಂಡರೆ ತಾನೇ ಗಮನ ಕೆಡುವುದು!

ಬಣ್ಣದ ವಿಷಯಕ್ಕೆ ಬಂದರೆ ನಾವು ತೀರಾ ಗಂಭೀರ ಜನ. 2022ರ ನವೆಂಬರಿನಲ್ಲಿ ‘ವಿವೇಕ’ ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕೊಠಡಿ ಕಟ್ಟುತ್ತೇವೆಂದು ಸರ್ಕಾರ ಹೊರಟಾಗ ರಾಜ್ಯವೆಲ್ಲ ಹೊಡೆದಾಡಿದ್ದು ಗೋಡೆಗೆ ಕೇಸರಿ ಬಳಿಯಬೇಕೋ ಬೇಡವೋ ಎಂದು. ಕಿಟಕಿ ಎಷ್ಟಗಲ, ಗಾಳಿ ಯಾವ ಕಡೆಯಿಂದ, ಮಧ್ಯಾಹ್ನದ ಬಿಸಿಲು ಯಾರ ಬೆನ್ನ ಮೇಲೆ ಎಂದು ಯಾರಾದರೂ ಪತ್ರಿಕಾಗೋಷ್ಠಿ ಕರೆದದ್ದು ನನ್ನ ನೆನಪಿಗೆ ಬರುತ್ತಿಲ್ಲ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದವರು 153 ತರಗತಿಗಳನ್ನು ಅಳೆದು, ಕಲಿಕೆಯ ಮೇಲೆ ಕೋಣೆ ಬೀರುವ ಪ್ರಭಾವದಲ್ಲಿ ಸುಮಾರು ಅರ್ಧ ಪಾಲು ಬೆಳಕು, ಗಾಳಿ, ಸೆಕೆಯಂಥವುಗಳದ್ದೇ ಎಂದಿದ್ದಾರೆ. ಅವರಿಗೇನು ಗೊತ್ತು, ಗಾಳಿ ಬೆಳಕಿಗೆ ಪಕ್ಷ ಇಲ್ಲ. ಅದರ ಮೇಲೆ ಚರ್ಚೆ ಎಳೆಯುವುದು ಕಷ್ಟ.

ಕೇಸರಿ ಗಲಾಟೆ ಬೇಡ ಎನ್ನುವವರಿಗೆ ರೈಲು ಇದೆ. ಶಾಲೆಯ ಹೊರಗೋಡೆಗೆ ಬೋಗಿಯ ಚಿತ್ರ ಬರೆದರೆ ಜಗಲಿಯೇ ಪ್ಲಾಟ್‌ಫಾರ್ಮು, ಬಾಗಿಲಲ್ಲಿ ನಿಂತ ಮಕ್ಕಳು ಕೈ ಬೀಸಿದರೆ ಮಾರನೆಯ ದಿನದ ಪತ್ರಿಕೆಗೆ ಫೋಟೊ ಖಾತ್ರಿ. ಟೋಕಿಯೊದ ತೊಮೊಯೆ ಶಾಲೆಯಲ್ಲಿ ಕೊಬಾಯಾಶಿ ಮೇಷ್ಟ್ರು ಓಡಾಟ ನಿಲ್ಲಿಸಿದ್ದ ನಿಜವಾದ ಬೋಗಿಗಳನ್ನೇ ತರಗತಿ ಮಾಡಿದ್ದರು. ‘ತೊತ್ತೋ ಚಾನ್’ ಓದಿದವರಿಗೆ ಗೊತ್ತು. ಅಲ್ಲಿ ಮಗು ದಿನವೂ ಬೇಕೆನಿಸಿದ ಜಾಗದಲ್ಲಿ ಕೂರಬಹುದಿತ್ತು, ಇಷ್ಟವಾದ ವಿಷಯದಿಂದ ದಿನ ಶುರುಮಾಡಬಹುದಿತ್ತು. ನಾವು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ ಪೇಂಟ್ ತಂದೆವು. ಹೊರಗೆ ಬೋಗಿ ಐದು, ಒಳಗೆ ಎಂಜಿನ್ ಒಂದೇ. ಆ ಎಂಜಿನ್ನೂ ಇವತ್ತು ತಾಲ್ಲೂಕು ಮಟ್ಟದ ತರಬೇತಿಗೆ ಹೋಗಿದೆ.

ಮಗುವಿನ ಎತ್ತರಕ್ಕೆ ಬಗ್ಗಿ ಯೋಚಿಸಿದವರು ನಮ್ಮಲ್ಲೂ ಇದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕಲಿಕಾ ಕ್ರಮ ನೋಡಿಕೊಂಡು ಬಂದು ನಲಿ-ಕಲಿ ಪದ್ಧತಿ ಶುರುಮಾಡಿದರು. ಗೋಡೆಯ ಬುಡದಲ್ಲಿ, ಕೂತು ಬರೆಯುವ ಎತ್ತರಕ್ಕೆ, ಮಕ್ಕಳಿಗೆಂದೇ ಕಪ್ಪುಹಲಗೆ. ಅವರು ಬಿಡಿಸಿದ್ದನ್ನು ನೇತುಹಾಕಲು ದಾರದ ಚಪ್ಪರ. ತಾನು ಎಲ್ಲಿದ್ದೇನೆಂದು ಮಗುವೇ ನೋಡಿಕೊಳ್ಳಲು ಕಲಿಕಾ ಏಣಿ. ಕುರ್ಚಿ ಬಿಟ್ಟು ಮೇಷ್ಟ್ರೂ ನೆಲಕ್ಕೆ ಇಳಿದರು. 2009-10ರಲ್ಲಿ ಸರ್ಕಾರ ಇದನ್ನು ರಾಜ್ಯಕ್ಕೆಲ್ಲ ಹಬ್ಬಿಸಿತು. ಹಬ್ಬುತ್ತಾ ಹಬ್ಬುತ್ತಾ ಕಲಿಕಾ ಕಾರ್ಡುಗಳು ಕಬ್ಬಿಣದ ಬೀರುವಿನ ಒಳಗೆ ಹೋದವು, ಏಕೆಂದರೆ ಮಕ್ಕಳು ಮುಟ್ಟಿದರೆ ಹರಿಯುತ್ತವೆ, ಹರಿದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಯಾರು ಕೊಡುವುದು? ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ, ಹೆಡ್‌ಮಾಸ್ಟರು ಗಣತಿಯಲ್ಲಿ. ದಿನದ ಮಳೆ-ಬಿಸಿಲು ಗುರುತಿಸುವ ಹವಾಮಾನ ನಕ್ಷೆ ಮಾತ್ರ ಹೊರಗಿದೆ. ಮಳೆಗಾಲದಲ್ಲಿ ಅದೂ ಬೇಕಾಗುವುದಿಲ್ಲ, ಒಡೆದ ಹೆಂಚೇ ತಿಳಿಸುತ್ತದೆ.

ನಾನು ಕಂಡ ಒಂದು ಶಾಲೆಯಲ್ಲಿ ಆ ಬುಡದ ಕಪ್ಪುಹಲಗೆಯ ಕತೆ ಮುಗಿದಿತ್ತು. ಬೆಂಗಳೂರಿನ ಯಾವುದೋ ಕಂಪನಿಯವರು ಒಂದು ಶನಿವಾರ ಒಂದೇ ಬಣ್ಣದ ಟೀಶರ್ಟು ತೊಟ್ಟು ಬಸ್ಸಿನಲ್ಲಿ ಬಂದು, ಸಂಜೆಯೊಳಗೆ ಗೋಡೆಯನ್ನೆಲ್ಲ ಚೆಂದ ಮಾಡಿ, ಗ್ರೂಪ್ ಫೋಟೊ ತೆಗೆಸಿಕೊಂಡು ಹೋಗಿದ್ದರು. ಕಪ್ಪುಹಲಗೆ ಇದ್ದಲ್ಲಿ ಛೋಟಾ ಭೀಮ ಲಡ್ಡು ತಿನ್ನುತ್ತಿದ್ದ. ಹಳೆಯ ಅಭ್ಯಾಸ ಬಿಡದ ಒಬ್ಬಳು ಬಳಪ ಹಿಡಿದು ಅವನ ಹೊಟ್ಟೆಯ ಮೇಲೆ ‘ರ’ ಬರೆಯಲು ಹೋದಳು. “ಏಯ್ ಪುಟ್ಟಿ, ಗೋಡೆ ಗಲೀಜು ಮಾಡ್ಬೇಡ, ದಾನಿಗಳು ಬಳಿಸಿರೋದು!” ಎಂದರು ಟೀಚರು. ಅವಳು ಬಳಪ ಜೇಬಿಗೆ ಹಾಕಿಕೊಂಡಳು.

ದಾನಿಗಳು ಎಂದ ಮೇಲೆ ಫ್ಯಾನಿನ ಮಾತು ಬಿಡಲಾಗದು. ಮೂರೂ ರೆಕ್ಕೆಯ ಮೇಲೆ ಹೆಸರು, ಊರು, ಯಾರ ಸ್ಮರಣಾರ್ಥ ಎಂಬುದು. ಫ್ಯಾನು ತಿರುಗಿದರೆ ಹೆಸರು ಕಾಣದು, ಹೆಸರು ಕಂಡರೆ ಗಾಳಿ ಬಾರದು. ಕರೆಂಟು ಹೋದಾಗ ಮಕ್ಕಳು ತಲೆಯೆತ್ತಿ ಕೂಡಿಸಿ ಕೂಡಿಸಿ ಓದುತ್ತಾರೆ. ಕೋಣೆಯ ಲಿಖಿತ ಸಾಮಗ್ರಿಯಲ್ಲಿ ಅವರು ಮನಸ್ಸಿಟ್ಟು ಓದುವುದು ಬಹುಶಃ ಅದೊಂದನ್ನೇ. (ಖಾಸಗಿ ಶಾಲೆಗಳ ಏಸಿ ತರಗತಿ, ಪ್ಲಾಸ್ಟಿಕ್ ಹುಲ್ಲಿನ ಬಗ್ಗೆ ಬರೆಯಿರಿ ಎಂದರೆ, ಅದು ಶುಲ್ಕ ಕಟ್ಟುವವರ ಕಣ್ಣೆತ್ತರ. ರೋಗ ಒಂದೇ, ಬಿಲ್ಲು ಬೇರೆ.)

ಇಷ್ಟೆಲ್ಲ ಸಿಂಗಾರದ ನಡುವೆ ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ ಅರವತ್ತು ಮಕ್ಕಳಿದ್ದರೂ ಇಬ್ಬರು ಶಿಕ್ಷಕರು ಸಾಕು, ಶಿಕ್ಷಕರಿಗೊಂದು ಕೊಠಡಿ ಸಾಕು. ಅಂದರೆ ಐದು ತರಗತಿಗಳನ್ನು ಎರಡು ಕೋಣೆಯಲ್ಲಿ ತುಂಬಿದರೂ ಎಲ್ಲ ಶಾಸನಬದ್ಧ. ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದರಲ್ಲಿ ಪದ್ಯ, ಬಾಗಿಲ ಬಳಿ ಬಿಸಿಯೂಟದ ಒಗ್ಗರಣೆಯ ಘಮ. ಇಂಥ ಕೋಣೆಯನ್ನು ‘ಮಕ್ಕಳಸ್ನೇಹಿ’ ಎಂದು ಕರೆಯಲು ಒಂದು ಫಲಕ ಬೇಕಾಗುತ್ತದೆ. ಅದನ್ನೂ ಬಾಗಿಲ ಮೇಲೆ, ಏಳಡಿ ಎತ್ತರದಲ್ಲಿ ಹೊಡೆಸಿದ್ದಾರೆ.

ಆದ್ದರಿಂದ ಸಾಹೇಬರಲ್ಲಿ ಒಂದು ಬಿನ್ನಹ. ಮುಂದಿನ ಭೇಟಿಯಲ್ಲಿ ಹಾರ, ಎಳನೀರು ಆಮೇಲೆ ಆಗಲಿ. ಕುರ್ಚಿ ಬೇಡವೆಂದು ಹೇಳಿ, ಹಿಂದಿನ ಸಾಲಿನಲ್ಲಿ ಮಕ್ಕಳ ಪಕ್ಕ ಕೂತು ಎದುರಿನ ಚಾರ್ಟು ಓದಲು ನೋಡಿ. ಓದಲಾಗದಿದ್ದರೆ ಭೇಟಿ ಪುಸ್ತಕದಲ್ಲಿ ‘ಕಲಿಕಾ ಪರಿಸರ ಆಕರ್ಷಕವಾಗಿದೆ’ ಎಂದು ಬರೆಯುವ ಮೊದಲು ಒಂದು ಸುತ್ತಿಗೆ ತರಿಸಿ. ಮೊಳೆ ಕಿತ್ತು ಮೂರಡಿ ಕೆಳಗೆ ಹೊಡೆಯಲು ಟೆಂಡರ್ ಕರೆಯಬೇಕಾಗಿಲ್ಲ.