ಮಾವ ಮತ್ತು ನೂರು ಪ್ರೂಫು

ನಮ್ಮ ಮಾವನವರು ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಸುದ್ದಿ ನಾವಿರುವ ನೆಬ್ರಾಸ್ಕಾದ ಒಮಾಹಾದಿಂದ ಅರಸೀಕೆರೆಗೆ ಹೋಗಿ, ಅಲ್ಲಿಂದ ನಾದಿನಿಯ ಫೋನಾಗಿ ನಮ್ಮ ಅಡುಗೆಮನೆಗೆ ವಾಪಸು ಬಂದಾಗ ಮಾವ ಇನ್ನೂ ಹೊರಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತಿದ್ದರು.

ಮಾವ ಎಂಥವರು ಅಂತ ಮೊದಲು ಹೇಳಬೇಕು. ನಿವೃತ್ತ ಹೆಡ್‌ಮಾಸ್ಟರು. ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ತಿರಾಮಿಸು ಬಾಯಿಗಿಟ್ಟುಕೊಳ್ಳುವ ಮುಂಚೆ ಮೂಸಿ ನೋಡಿ, "ಇದಕ್ಕೇನಾದ್ರೂ ರಮ್ಮು ಬಿದ್ದಿದೆಯೇನಮ್ಮ?" ಎಂದು ಕೇಳಿ ಚಮಚ ಕೆಳಗಿಟ್ಟವರು. ಇಲ್ಲಿನ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಹಿರಿಯರೆಂದು ಎರಡು ಮಾತಾಡಲು ಕರೆದರೆ, ಬಿಸಿಬೇಳೆಬಾತು ಆರಿ ಗಟ್ಟಿಯಾಗುವ ತನಕ ಪಾನನಿರೋಧದ ಬಗ್ಗೆ ಮಾತಾಡಿದವರು. ಇಂಥವರು ಮಂಕಿ ಕ್ಯಾಪು, ಮೇಲೆ ಮಗನ ಹಳೇ ಜಾಕೆಟ್ಟು ಹಾಕಿಕೊಂಡು, ಎರಡೂ ಕೈಯಲ್ಲಿ ಒಂದೊಂದು ವೋಡ್ಕಾ ಬಾಟಲಿ ಹಿಡಿದು, ಮಕ್ಕಳ ಉತ್ತರಪತ್ರಿಕೆ ನೋಡುವ ಹಾಗೆ ಕನ್ನಡಕ ಮೇಲೆತ್ತಿ ಲೇಬಲ್ಲು ಓದುತ್ತಿದ್ದರಂತೆ.

ಕರೆದುಕೊಂಡು ಹೋಗಿದ್ದವರು ಪಕ್ಕದ ಮನೆಯಾಕೆ. ಅವರೇ ನನಗೆ ಸವಿಸ್ತಾರವಾಗಿ ವರದಿ ಒಪ್ಪಿಸಿದರು. ಅಂಗಡಿಯ ಹುಡುಗ ಎಂಬತ್ತು ಪ್ರೂಫಿನದು ತೋರಿಸಿದನಂತೆ. ಎಂಬತ್ತು ಪ್ರೂಫ್ ಅಂದರೆ ನೂರಕ್ಕೆ ನಲವತ್ತು ಆಲ್ಕೋಹಾಲು ಎಂದು ತಿಳಿದ ಮಾವ, ನಲವತ್ತಕ್ಕೆ ಬರೀ ಪಾಸಾಗಬಹುದು, ಬೇರಿನ ಸತ್ವ ಬಿಡಬೇಕಾದರೆ ಸೆಕೆಂಡ್ ಕ್ಲಾಸಾದರೂ ಬೇಕು ಎಂದು ತೀರ್ಮಾನಿಸಿ, "ಹಂಡ್ರೆಡ್ ಪ್ರೂಫ್! ಹಂಡ್ರೆಡ್!" ಎಂದು ಪ್ರಾರ್ಥನೆಯ ಹೊತ್ತಿನ ಗಂಟಲಲ್ಲಿ ಕೂಗಿದರಂತೆ. ಆ ದನಿ ಕೇಳಿ ಪಕ್ಕದ ಸಾಲಿನಿಂದ ತಿರುಗಿ ನೋಡಿದವರು ನಮ್ಮ ಕೂಟದ ದಂಪತಿ.

ಬೇರೆಯವರಾಗಿದ್ದರೆ ಬಾಟಲಿ ಕೆಳಗಿಟ್ಟು ಸೋಡಾ ಎಲ್ಲಿದೆ ಅಂತ ಕೇಳುತ್ತಿದ್ದರು. ಮಾವ ಒಂದನ್ನು ಹುಡುಗನ ಕೈಗೆ ಕೊಟ್ಟು, ಇನ್ನೊಂದನ್ನು ಎರಡು ಅಂಗೈಗಳ ನಡುವೆ ನೆಟ್ಟಗೆ ಹಿಡಿದು, ಹಾಗೇ ಅವರಿಗೆ ಕೈಮುಗಿದರು. ಮುಗಿದು, "ಔಷಧಿಗೆ" ಅಂದರು. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಇದೇ ಮಾತು ಹೇಳಿದ ಎಷ್ಟು ಜನಕ್ಕೆ ಮಾವ ಛೀಮಾರಿ ಹಾಕಿದ್ದಾರೋ ದೇವರಿಗೇ ಗೊತ್ತು. ಆ ಕೈಮುಗಿದ ಬಾಟಲಿಯನ್ನು ನೆನೆಸಿಕೊಂಡರೆ ಇವತ್ತಿಗೂ ನಾನು ಸಾರಿಗೆ ಎರಡು ಸಲ ಉಪ್ಪು ಹಾಕುತ್ತೇನೆ.

ಔಷಧಿ ಅನ್ನುವುದು ಸುಳ್ಳಲ್ಲ. ಪಕ್ಕದ ಮನೆಯ ಹಿತ್ತಲಲ್ಲಿ ಎಕಿನೇಶಿಯಾ ಬೆಳೆದಿದೆ. ಸೇವಂತಿಗೆಯ ಬಳಗದ್ದೇ, ನೇರಳೆ ದಳ, ನಡುವೆ ಮುಳ್ಳುಮುಳ್ಳಾದ ಗುಬುಟು. ಬೇಸಿಗೆಯಲ್ಲಿ ಅತ್ತೆ ಅದನ್ನು ಕೇಳಿ ತಂದು ಪೂಜೆಗೆ ಏರಿಸುತ್ತಿದ್ದರು. ಅಕ್ಟೋಬರಿನಲ್ಲಿ ಪಕ್ಕದ ಮನೆಯಾಕೆ ಅದರ ಬೇರು ಅಗೆಯುವಾಗ ಮಾವ ಗುದ್ದಲಿ ಇಸಿದುಕೊಂಡು ತಾವೇ ಅಗೆದರು. ಬೇರು ತೊಳೆದು, ಹೆಚ್ಚಿ, ಗಾಜಿನ ಜಾಡಿಗೆ ತುಂಬಿ, ಮುಳುಗುವಷ್ಟು ವೋಡ್ಕಾ ಸುರಿದು ಆರು ವಾರ ಇಡಬೇಕು. ದಿನಾ ಒಮ್ಮೆ ಕುಲುಕಬೇಕು. ಕುಲುಕುವ ಸೇವೆಯನ್ನು ಮಾವ ಸಂಧ್ಯಾವಂದನೆ ಮುಗಿಸಿದ ಕೂಡಲೇ ನೆರವೇರಿಸುತ್ತಿದ್ದರು. ಸೋಸಿದ ಮೇಲೆ ಮೊದಲ ಹನಿ ನಾಲಿಗೆಗೆ ಬಿತ್ತು. ನಾಲಿಗೆ ಜುಮುಜುಮು ಅಂದು, ಜೋಮು ಹಿಡಿದು, ಬಾಯಲ್ಲಿ ನೀರೂರಿತು. ಮಾವನ ಮುಖ ಅರಳಿತು. "ಅಕ್ಕಲಕರೆ ಕಣಮ್ಮ ಇದು, ಅಮೆರಿಕದ ಅಕ್ಕಲಕರೆ!"

ಈ ಒಂದು ವಿಷಯದಲ್ಲಿ ಅವರದು ಸರಿ. ನಮ್ಮ ನಾಟಿಮದ್ದಿನ ಅಕ್ಕಲಕರೆ, ಈ ಎಕಿನೇಶಿಯಾ, ಎರಡರ ಬೇರಿನಲ್ಲೂ ಆಲ್ಕೈಲಮೈಡ್ ಅನ್ನುವ ಒಂದೇ ಜಾತಿಯ ವಸ್ತುಗಳಿವೆ. ಜೋಮು ಹಿಡಿಸುವುದು ಅವೇ. ಇಲ್ಲಿನ ಬಯಲುಸೀಮೆಯ ಮೂಲನಿವಾಸಿಗಳು ಹಲ್ಲುನೋವಿಗೆ, ಗಂಟಲಿಗೆ, ಹಾವು ಕಚ್ಚಿದ್ದಕ್ಕೆ ಎಕಿನೇಶಿಯಾದ ಬೇರನ್ನೇ ಬಳಸುತ್ತಿದ್ದರು. ಅವರ ಮದ್ದನ್ನು ಬಾಟಲಿಗೆ ತುಂಬಿ 'ರಕ್ತಶೋಧಕ' ಎಂದು ಮಾರಿದವನು ನಮ್ಮ ನೆಬ್ರಾಸ್ಕಾದವನೇ, ಪಾನೀ ಸಿಟಿ ಊರಿನ, ಮೇಯರ್ ಎಂಬ ಹೆಸರಿನ ವೈದ್ಯ. 1880ರ ದಶಕದಲ್ಲಿ ಸಿನ್ಸಿನಾಟಿಯ ಔಷಧಿ ತಯಾರಕ ಜಾನ್ ಯೂರಿ ಲಾಯ್ಡ್ ನಂಬಲಿಲ್ಲವೆಂದು, ನಿಮ್ಮೆದುರಿಗೇ ಬುಡುಬುಡಿಕೆ ಹಾವಿನಿಂದ ಕಚ್ಚಿಸಿಕೊಂಡು ತೋರಿಸುತ್ತೇನೆ ಅಂದನಂತೆ. ಲಾಯ್ಡ್ ಬೇಡ ಮಹರಾಯ ಅಂದರು. ಈ ಕಥೆ ಕೇಳಿದ ಮೇಲೆ ಮಾವ ಇಡೀ ರಾಜ್ಯವನ್ನೇ ಗೌರವದಿಂದ ನೋಡತೊಡಗಿದ್ದಾರೆ.

ನನ್ನ ಮಗಳು ಮಾತ್ರ ಬಿಡುವವಳಲ್ಲ. "ತಾತ, 2005ರಲ್ಲಿ ವರ್ಜೀನಿಯಾದಲ್ಲಿ ಸುಮಾರು 400 ಜನರ ಮೂಗಿಗೆ ಶೀತದ ವೈರಸ್ ಹಾಕಿ ಇದನ್ನು ಕೊಟ್ಟು ನೋಡಿದ್ದಾರೆ. ಏನೂ ಪ್ರಯೋಜನ ಆಗಲಿಲ್ಲ," ಅಂದಳು. "ವೈರಸ್ಸನ್ನ ತಾನಾಗಿ ಮೂಗಿಗೆ ಹಾಕಿಸಿಕೊಳ್ಳೋ ಬುದ್ಧಿಗೇಡಿಗಳಿಗೆ ಯಾವ ಮದ್ದು ಹಿಡಿಯತ್ತಮ್ಮ?" ಅಂದರು ಮಾವ. ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2014ರ ಪರಿಶೀಲನೆಯೂ ಬಂತು: 24 ಪ್ರಯೋಗ, ನಾಲ್ಕೂವರೆ ಸಾವಿರಕ್ಕೂ ಮೇಲೆ ಜನ, ಪ್ರಯೋಜನ ಇದ್ದರೂ ಅಲ್ಪಸ್ವಲ್ಪ. ಮಾವ 'ಅಲ್ಪಸ್ವಲ್ಪ'ವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೆ ಅವಳು ಲೆಕ್ಕಕ್ಕೆ ಕೂತಳು. ಹೊತ್ತಿಗೆ 30 ಹನಿ, ಅಂದರೆ ಒಂದೂವರೆ ಎಂಎಲ್; ಅದರಲ್ಲಿ ಅರ್ಧ ಆಲ್ಕೋಹಾಲು; ದಿನಕ್ಕೆ ಮೂರು ಹೊತ್ತು. "ತಾತ, ನೀವು ಎಂಟು ದಿನಕ್ಕೆ ಒಂದು ಗ್ಲಾಸ್ ವೈನ್ ಕುಡೀತಿದೀರ." ಹೆಡ್‌ಮಾಸ್ಟರು ಕಾಗದ ಇಸಿದುಕೊಂಡು, ಗುಣಾಕಾರದಲ್ಲಿ ತಪ್ಪು ಹುಡುಕಿ, ಸಿಗದೆ, "ಅಕ್ಷರ ಸ್ವಲ್ಪ ದುಂಡಗಿರಲಿ" ಎಂದು ವಾಪಸು ಕೊಟ್ಟರು. ದ್ರಾಕ್ಷಾರಿಷ್ಟದಲ್ಲಿ ಹುದುಗಿದಾಗ ತಾನಾಗಿ ಹುಟ್ಟುವುದೂ ಅದೇ ಅಲ್ಲವೇ, ಅದನ್ನು ಯಾರಾದರೂ ಕುಡಿತ ಅಂತಾರೆಯೇ ಎಂಬ ವಾದ ರಾತ್ರಿ ಊಟದವರೆಗೂ ನಡೆಯಿತು.

ಅತ್ತೆಯ ಸಿಟ್ಟು ವೋಡ್ಕಾದ ಮೇಲೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಲ್ಲ. "ಮದುವೆ ಆದಾಗಿಂದ ಶುಂಠಿ, ಮೆಣಸು, ಜೀರಿಗೆ, ಜ್ಯೇಷ್ಠಮಧು ಕುದಿಸಿ ಕುದಿಸಿ ಇವರ ಹಿಂದೆ ಲೋಟ ಹಿಡ್ಕೊಂಡು ಓಡಾಡಿದೀನಿ. ಒಂದು ದಿನ ಮುಖ ಕಿವುಚದೆ ಕುಡಿದಿಲ್ಲ. ಈಗ ಗಾಯಕ್ಕೆ ಹಚ್ಚೋ ಟಿಂಚರಿನಂಥದ್ದನ್ನ ಉದ್ಧರಣೆಯಲ್ಲಿ ಅಳೆದು ಅಳೆದು ಕುಡೀತಾರೆ!" ಹೌದು, ಉದ್ಧರಣೆಯಲ್ಲಿ. ಡ್ರಾಪರ್ ಹಿಡಿದರೆ ಕೈ ನಡುಗುತ್ತದೆಂದು ಮಾವ ಪಂಚಪಾತ್ರೆಯ ಉದ್ಧರಣೆಗೆ ಸುರಿದು, ಅಂಗೈಯಲ್ಲಿ ಹಿಡಿದು, ಕಣ್ಣುಮುಚ್ಚಿ ಸ್ವೀಕರಿಸುತ್ತಿದ್ದರು. ಕೈ ತಲೆಗೆ ಒರೆಸಿಕೊಳ್ಳುವುದೊಂದು ಬಾಕಿ.

ಇಷ್ಟು ಹಟ ಯಾಕೆ ಎಂದು ನನಗೆ ಗೊತ್ತಾಗಿದ್ದು ಮೊನ್ನೆ. ಅವರ ಡೈರಿಯಲ್ಲಿ ವಿಸಿಟರ್ ಇನ್ಶೂರೆನ್ಸಿನ ಕಾಗದ ಮಡಿಸಿಟ್ಟಿತ್ತು. ವಿಮೆಯವರು ಕೊಡುವ ಮುಂಚೆ ನಾವೇ ಭರಿಸಬೇಕಾದ ಮೊತ್ತದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ, ಪಕ್ಕದಲ್ಲಿ ರೂಪಾಯಿ ಲೆಕ್ಕ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ, "ಶೀತಕ್ಕೆ ಅವಕಾಶ ಕೊಡಬಾರದು." ಕೇಳಿದರೆ ಒಪ್ಪುವವರಲ್ಲ. ನಾನು ಕೇಳಲೂ ಇಲ್ಲ.

ಅವರ ಮಗ ಮಧ್ಯಸ್ಥಿಕೆಗೆಂದು ಆಲ್ಕೋಹಾಲಿಲ್ಲದ, ಗ್ಲಿಸರಿನ್ನಿನಲ್ಲಿ ತೆಗೆದ ಎಕಿನೇಶಿಯಾ ತಂದ. ಮಾವ ನೆಕ್ಕಿ ನೋಡಿ, "ಇದು ರಾಮನವಮಿ ಪಾನಕ" ಎಂದು ಪಕ್ಕಕ್ಕೆ ಸರಿಸಿದರು.

ನಿನ್ನೆ ನಾದಿನಿ ಮತ್ತೆ ಫೋನು ಮಾಡಿದ್ದಳು. ಊರಿನಲ್ಲಿ ಎಲ್ಲರೂ ಕೇಳುತ್ತಿದ್ದಾರಂತೆ, ಕೂಟದವರು ಕಣ್ಣಾರೆ ನೋಡಿದ್ದಾರಂತೆ, ಅಪ್ಪನ ಮರ್ಯಾದೆ ಏನಾಗಬೇಕು. ಸ್ಪೀಕರಿನಲ್ಲಿತ್ತು. ಮಾವ ಪೇಪರಿನ ಹಿಂದೆ ಅವಿತರು. ಅತ್ತೆ ಮೆಂತ್ಯಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಹೇಳಿದರು:

"ನಿಮ್ಮಪ್ಪ ಬೇರಿಗೆ ಹೋಗಿದ್ರು ಕಣೇ. ಆ ಗಂಡ ಹೆಂಡತಿ ಅಲ್ಲಿಗೆ ಯಾವ ಬೇರು ಹುಡುಕ್ಕೊಂಡು ಬಂದಿದ್ರಂತೆ, ಅದನ್ನ ಮೊದಲು ಕೇಳು."